ಕನ್ನಡದ ಕಲ್ಪನೆಗೆ ಬಂಡವಳ

ಬೆಂಗಳೂರಿನ ರಾಜಾಜಿನಗರವನ್ನು ದಾಟಿ ಉತ್ತರಕ್ಕೆ ನಡೆದರೆ ಪೀಣ್ಯ ಸಿಕ್ಕುತ್ತದೆ. ಅಲ್ಲಿಯ ಕೈಗಾರಿಕಾ ಷೆಡ್ಡುಗಳಲ್ಲಿ, ಉಡುಪಿ ಸೀಮೆಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾಯರ ನೇತೃತ್ವದಲ್ಲಿ ನಿರ್ಮಿತವಾದ ಆರ್ಯಭಟವು, 1975ನೆಯ ಇಸವಿ ಏಪ್ರಿಲ್ 19ರಂದು ಸೋವಿಯೆತ್ ನೆಲದಿಂದ ಅಂತರಿಕ್ಷಕ್ಕೇರಿ ಭಾರತದ ಮೊದಲ ಉಪಗ್ರಹವೆನಿಸಿತು. ಉಪಗ್ರಹವನ್ನು ಕಟ್ಟಬಲ್ಲ ಈ ಊರಿನಲ್ಲಿ, ವಿಜ್ಞಾನದ ಕಲ್ಪನೆಯನ್ನು ಬೆಳ್ಳಿಯ ತೆರೆಗೆ ತರಬಲ್ಲ ಕನ್ನಡ ನಿರ್ದೇಶಕನೊಬ್ಬನು ಒಂದರ ಮೇಲೊಂದರಂತೆ ಪರಭಾಷೆಗಳಲ್ಲಿಯೇ ಕೆಲಸ ಮಾಡುವಂತಾದರೆ ಆ ದೋಷವು ಯಾರದು? ಶ್ರೀ ಪವನ್‌ಕುಮಾರರ ವೃತ್ತಿಜೀವನವನ್ನು ಅವಲೋಕಿಸಿದಾಗ ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ಇದು.

ಶ್ರೀಯುತರು ರಂಗಭೂಮಿಯಿಂದ ಬಂದವರು. ಯೋಗರಾಜ ಭಟ್ಟರ 'ಮನಸಾರೆ' (2009), 'ಪಂಚರಂಗಿ' (2010) ಚಿತ್ರಗಳ ಬರವಣಿಗೆಯಲ್ಲಿ ಕೈಗೂಡಿಸಿ, 2011ರಲ್ಲಿ 'ಲೈಫು ಇಷ್ಟೇನೆ' ಎಂಬ ಚಿತ್ರದಿಂದ ನಿರ್ದೇಶಕರಾದರು. ಆ ಬಳಿಕ ಅವರು ಬರೆದ ಕಥೆಯು ಹೊಸ ಜಾತಿಯದು. ಹಳೆಯ ಚಿತ್ರಮಂದಿರವೊಂದರಲ್ಲಿ ಕತ್ತಲೆಯೊಳಗೆ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ಬಡ ಹುಡುಗ, ಅವನಿಗೆ ನಿದ್ರೆಯಿಲ್ಲ, 'ಲೂಸಿಯಾ' ಎಂಬ ಗುಳಿಗೆಯೊಂದನ್ನು ಸೇವಿಸಿದರೆ ಬೇಡಿದ ಕನಸು ಬೇಡಿದಂತೆ ಬೀಳುತ್ತದೆ, ಕನಸಿನಲ್ಲಿ ಅವನೇ ಪ್ರಖ್ಯಾತ ನಟ. ಯಾವುದು ಕನಸು, ಯಾವುದು ಎಚ್ಚರ ಎಂಬುದು ನೋಡುವವನಿಗೂ ತಿಳಿಯದಂತೆ ಹೆಣೆದ ಈ ಕಥೆಗೆ ಹಣ ಹೂಡುವ ನಿರ್ಮಾಪಕರು ದೊರೆಯಲಿಲ್ಲ.

ಆಗ ಅವರು ಮಾಡಿದ ಕಾರ್ಯವನ್ನು ನಮ್ಮ ವ್ಯಾಪಾರಸ್ಥರೂ ಅಧಿಕಾರಿವರ್ಗದವರೂ ಗಮನಿಸತಕ್ಕದ್ದು. 2012ರಲ್ಲಿ ಅಂತರ್ಜಾಲದ ಮೂಲಕ ನೇರವಾಗಿ ಪ್ರೇಕ್ಷಕರನ್ನೇ ಸಹಾಯ ಬೇಡಿದರು. ಒಂದು ತಿಂಗಳು ತುಂಬುವುದರೊಳಗೆ ಸುಮಾರು 110 ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಸತೀಶರು ನಾಯಕಪಾತ್ರ ವಹಿಸಿದರು. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪಾರಿತೋಷಕವು ಈ ಕನ್ನಡ ಚಿತ್ರಕ್ಕೆ ಬಂದಿತು. ಸೆಪ್ಟೆಂಬರ್ 6ರಂದು ನಾಡಿನಲ್ಲಿ ಬಿಡುಗಡೆಯಾಗಿ ಜನಮನ್ನಣೆ ಪಡೆಯಿತು. 2015ರಲ್ಲಿ ತಮಿಳರು ಇದೇ ಕಥೆಯನ್ನು ತಮ್ಮ ಭಾಷೆಗೆ ತೆಗೆದುಕೊಂಡರು. 2016ರ 'ಯು ಟರ್ನ್' ಚಿತ್ರವಂತೂ ಬೆಂಗಳೂರಿನ ಡಬಲ್ ರೋಡಿನ ಮೇಲ್ಸೇತುವೆಯಿಂದ ಹೊರಟು ತೆಲುಗು, ತಮಿಳು, ಮಲಯಾಳಗಳನ್ನು ದಾಟಿ ದೂರದ ಫಿಲಿಪೀನ್ಸ್ ದ್ವೀಪಗಳ ಭಾಷೆಯನ್ನೂ ಮುಟ್ಟಿತು.

ಇಲ್ಲಿಯವರೆಗಿನದು ಹರ್ಷದ ಸಂಗತಿ. ಮುಂದಿನದನ್ನು ವಾಚಕರು ಶಾಂತಚಿತ್ತದಿಂದ ವಿಚಾರಿಸಬೇಕು. 2019ರಲ್ಲಿ, ಗೋಡೆಗಳಿಂದ ವಿಭಾಗವಾದ ಭವಿಷ್ಯದ ಭಾರತವನ್ನು ಕಲ್ಪಿಸಿದ 'ಲೈಲಾ' ಎಂಬ ಧಾರಾವಾಹಿಗೆ ಪವನ್‌ಕುಮಾರರು ದೀಪಾ ಮೆಹ್ತಾ ಮೊದಲಾದವರೊಡನೆ ನಿರ್ದೇಶಕರಾದರು, ಅದು ಹಿಂದಿಯದು. 2021ರಲ್ಲಿ, ಒಂದೇ ದಿನವು ಮರಳಿ ಮರಳಿ ಬರುವ ಕಾಲಚಕ್ರದ ಕಥೆಯಾದ 'ಕುಡಿ ಎಡಮೈತೆ' ಎಂಬುದನ್ನು ತೆಗೆದರು; ಅದು ತೆಲುಗಿನದು. 2023ರ 'ಧೂಮಂ' ಮಲಯಾಳದ್ದು. ಅದಕ್ಕೆ ಬಂಡವಳ ಹಾಕಿದ್ದು ನಮ್ಮ ಕನ್ನಡನಾಡಿನದೇ ಆದ ಹೊಂಬಾಳೆ ಸಂಸ್ಥೆ! ಹಣ ಕನ್ನಡಿಗರದು, ನಿರ್ದೇಶಕ ಕನ್ನಡಿಗ, ಭಾಷೆ ಮಾತ್ರ ಬೇರೆಯದು. ಕಲಾವಿದನು ಕೆಲಸವಿದ್ದ ಕಡೆಗೆ ಹೋಗುವುದು ಸಹಜ. ಆತನನ್ನಾಗಲಿ ಆ ಸಂಸ್ಥೆಯನ್ನಾಗಲಿ ದೂಷಿಸುವುದು ನಮ್ಮ ಉದ್ದೇಶವಲ್ಲ.

ಹೀಗಾದದ್ದು ಇದೇ ಮೊದಲಲ್ಲ. ಸಿಂಗೀತಂ ಶ್ರೀನಿವಾಸರಾಯರು 1982ರಲ್ಲಿ ಡಾ. ರಾಜಕುಮಾರರನ್ನು ನಾಯಕರನ್ನಾಗಿ ಮಾಡಿಕೊಂಡು 'ಹಾಲು ಜೇನು' ಎಂಬ ಸಂಸಾರದ ಕಥೆಯನ್ನು ನಮಗೆ ಕೊಟ್ಟರು. ನಾವು ಸಂತೋಷದಿಂದ ನೋಡಿದೆವು. ಅದೇ ನಿರ್ದೇಶಕರು 1991ರಲ್ಲಿ ಕಾಲಯಂತ್ರದ ಕಥೆಯಾದ 'ಆದಿತ್ಯ 369' ಚಿತ್ರವನ್ನು ತೆಗೆದದ್ದು ತೆಲುಗಿನಲ್ಲಿ. ಆ ಯಂತ್ರವು ಹೋಗಿ ನಿಂತದ್ದಾದರೂ ಎಲ್ಲಿ? ಶ್ರೀಕೃಷ್ಣದೇವರಾಯನ ವಿಜಯನಗರದಲ್ಲಿ. ತೆಲುಗು ಬಾಂಧವರ ಮೇಲೆ ನಮಗೆ ಮತ್ಸರವಿಲ್ಲ. ರಾಯನು ಅವರಿಗೂ ನಮಗೂ ಸೇರಿದವನು. ಆದರೆ ಹಂಪೆ ನಮ್ಮ ನೆಲದಲ್ಲಿದೆ. ಅಲ್ಲಿಗೆ ಕಾಲಯಂತ್ರವನ್ನು ಕಳುಹುವ ಯೋಚನೆಯನ್ನು ಪರರಿಗೆ ಬಿಟ್ಟು, ನಾವು ಆ ರಾಜಧಾನಿಯ ಹೆಸರನ್ನು ಬೆಂಗಳೂರಿನ ಪಶ್ಚಿಮದ ಬಡಾವಣೆಯೊಂದಕ್ಕೆ ಇಟ್ಟು ತೃಪ್ತರಾದೆವು.

ಕನ್ನಡದ ಪ್ರೇಕ್ಷಕರಿಗೆ ಇಂತಹವು ರುಚಿಸುವುದಿಲ್ಲ, ಭಾಷೆಯೂ ವಿಜ್ಞಾನದ ಭಾರವನ್ನು ಹೊರಲಾರದು ಎಂದು ಕೆಲವರು ಹೇಳುತ್ತಾರೆ. ಇದು ನಿಲ್ಲುವ ವಾದವಲ್ಲ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕನ್ನಡದಲ್ಲಿಯೇ ಬರೆದರು. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಗಳನ್ನು ಕನ್ನಡದಲ್ಲಿಯೇ ರಚಿಸಿದರು. ಉಪೇಂದ್ರರು ಕಥೆ ಬರೆದು ಅಭಿನಯಿಸಿದ 'ಹಾಲಿವುಡ್' (2002) ಚಿತ್ರದಲ್ಲಿ ಯಂತ್ರಮಾನವನನ್ನು ಕನ್ನಡಿಗರು ಕಂಡಿದ್ದಾರೆ. 2024ರಲ್ಲಿ ಕಾಲಪ್ರಯಾಣದ ಕಥೆಯುಳ್ಳ 'ಬ್ಲಿಂಕ್' ಎಂಬ ಚಿತ್ರವನ್ನು ತರುಣರು ಕನ್ನಡದಲ್ಲಿಯೇ ತೆಗೆದರು. ಬುದ್ಧಿಯ ಕೊರತೆಯಿಲ್ಲ, ಭಾಷೆಯ ಕೊರತೆಯೂ ಇಲ್ಲ. ಕೊರತೆಯಿರುವುದು ಹೊಸ ಕಥೆಗೆ ಮೊದಲ ರೂಪಾಯಿಯನ್ನು ಕೊಡುವ ಧೈರ್ಯದಲ್ಲಿ.

ಆ ಧೈರ್ಯವನ್ನು ಒಬ್ಬ ಧನಿಕನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ತನ್ನ ಸ್ವತ್ತನ್ನೆಲ್ಲ ಒಂದೇ ಚಿತ್ರಕ್ಕೆ ಒಡ್ಡುವವನು ಕಂಡರಿಯದ ಹಾದಿಗೆ ಅಂಜುವುದು ಸಹಜವೇ. ನೂರಾರು ಮಂದಿ ಹಂಚಿಕೊಂಡಾಗ ಅದೇ ನಷ್ಟವು ಯಾರನ್ನೂ ಮುಳುಗಿಸದು. 1976ರಲ್ಲಿ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲೆಗೆ ಎರಡು ರೂಪಾಯಿಯಂತೆ ಕೊಟ್ಟು ಶ್ಯಾಮ್ ಬೆನೆಗಲ್ಲರಿಂದ 'ಮಂಥನ್' ಚಿತ್ರವನ್ನು ಮಾಡಿಸಿದರು. ಹಸು ಎಮ್ಮೆ ಸಾಕುವ ರೈತರಿಗೆ ಸಾಧ್ಯವಾದದ್ದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ವಿದ್ಯಾವಂತ ಸಂಬಳದಾರರಿಗೆ ಅಸಾಧ್ಯವೆ? ಪತ್ರಿಕೆಯನ್ನು ನಡೆಸುವ ನಮಗೆ ಚಂದಾದಾರನ ಬೆಲೆ ತಿಳಿದಿದೆ. ಸಣ್ಣ ಮೊತ್ತವನ್ನು ಮುಂಗಡವಾಗಿ ಕೊಟ್ಟು, ಇನ್ನೂ ಅಚ್ಚಾಗದ ಹಾಳೆಯನ್ನು ನಂಬುವವನು ಅವನೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಬಡಾವಣೆಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕಾಗಿ ಎತ್ತುವ ಹಣದಲ್ಲಿ ಒಂದು ಪಾಲನ್ನು ಪ್ರತಿವರ್ಷವೂ ಇಂತಹ ಚಿತ್ರಕ್ಕೆ ಮೀಸಲಿಡಲಿ. ಕೊಟ್ಟವರಿಗೆ ಲೆಕ್ಕಪತ್ರವನ್ನು ಅಚ್ಚು ಮಾಡಿ ಒಪ್ಪಿಸಲಿ. ಸರ್ಕಾರದವರು ಮುಗಿದ ಚಿತ್ರಕ್ಕೆ ಸಹಾಯಧನ ಕೊಡುವುದರ ಜೊತೆಗೆ, ವಿಜ್ಞಾನದ ಕಥೆಗಳಿಗೆ ಬರವಣಿಗೆಯ ಹಂತದಲ್ಲಿಯೇ ನೆರವಾಗುವುದನ್ನು ಆಲೋಚಿಸಲಿ. ಪ್ರಯೋಗಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ನಮ್ಮ ವಿಜ್ಞಾನಿಗಳು ಬಿಡುವಿನ ವೇಳೆಯಲ್ಲಿ ಕಥೆಗಾರನೊಡನೆ ಕುಳಿತು ಅವನ ಸಂಶಯಗಳನ್ನು ಬಿಡಿಸಲಿ.

ಇಷ್ಟನ್ನು ಬರೆಯುವಾಗ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗಿದೆ. 2012ರಲ್ಲಿ ಆ ತರುಣ ನಿರ್ದೇಶಕನ ವಿನಂತಿಯನ್ನು ನಾವೂ ಓದಿದ್ದೆವು. ಹುಡುಗಾಟವೆಂದು ನಕ್ಕು ಬದಿಗಿಟ್ಟೆವು. ಆ 110 ಮಂದಿಯಲ್ಲಿ ನಮ್ಮ ಹೆಸರಿಲ್ಲ. ಮುಂದೆ ಇನ್ನೊಬ್ಬ ಕನ್ನಡದ ತರುಣನು ಇಂತಹ ಕಥೆಯೊಂದನ್ನು ಹಿಡಿದು ಕೈಚಾಚಿದಾಗ, ಪಟ್ಟಿಯಲ್ಲಿ ನಮ್ಮ ಹೆಸರೂ ಇರಬೇಕು, ವಾಚಕರೆ, ತಮ್ಮ ಹೆಸರೂ ಇರಬೇಕು.