ಬೆಂಕಿಯ ಬಳಿಕದ ಚಂದಾ

ಜುಮಾ ನಮಾಝ್ ಮುಗಿದು ಜನರು ಹೊರಬರುವಾಗ ಮಸೀದಿಯ ಬಾಗಿಲಲ್ಲಿ ಇಬ್ಬರು ರುಮಾಲು ಹಿಡಿದು ನಿಂತಿರುತ್ತಾರೆ. ಸಹೋದರರೊಬ್ಬರ ಕಾರ್ಖಾನೆ ಸುಟ್ಟುಹೋಗಿದೆ, ಕೈಲಾದಷ್ಟು ನೀಡಿ ಎಂಬ ಪ್ರಕಟಣೆ ಆಗಲೇ ಆಗಿರುತ್ತದೆ. ಹತ್ತರ, ಇಪ್ಪತ್ತರ, ನೂರರ ನೋಟುಗಳು ಬೀಳುತ್ತವೆ. ಕೊಟ್ಟವರ ಮನಸ್ಸು ಹಗುರಾಗುತ್ತದೆ. ನಿನ್ನೆಯವರೆಗೆ ಝಕಾತ್ ಕೊಡುತ್ತಿದ್ದ ವ್ಯಕ್ತಿ ಇಂದು ಝಕಾತ್ ಪಡೆಯುವವರ ಸಾಲಿಗೆ ಸೇರಿದನೆಂಬ ಸಂಗತಿ ಮಾತ್ರ ಯಾರ ಮನಸ್ಸನ್ನೂ ಕಲಕುವುದಿಲ್ಲ. ಈ ದಾನವನ್ನು ನಾವು ಹೀಗಳೆಯುತ್ತಿಲ್ಲ. ಬೆಂಕಿ ಬೀಳುವ ಮೊದಲು ನಾವೆಲ್ಲ ಏನು ಮಾಡುತ್ತಿದ್ದೆವು ಎಂಬುದೇ ನಮ್ಮ ಪ್ರಶ್ನೆ.

ದೇವನಹಳ್ಳಿ ತಾಲೂಕಿನ ವಿಜಯಪುರವನ್ನು ನೋಡಿ. ರೇಷ್ಮೆಗೂಡಿನ ಮಾರುಕಟ್ಟೆಯಿರುವ ಈ ಪಟ್ಟಣದಲ್ಲಿ ನೂಲು ಬಿಚ್ಚಾಣಿಕೆಯು ನಮ್ಮ ಅನೇಕ ಕುಟುಂಬಗಳ ಕಸುಬು. ಮನೆಗೆ ತಾಗಿದ ಶೆಡ್ಡು, ಬಿಸಿನೀರಿನ ಬೇಸಿನ್ನು, ಒಲೆಗೆ ಸೌದೆ, ಪಕ್ಕದಲ್ಲೇ ಒಣಗಿದ ಗೂಡು, ನೆತ್ತಿಯ ಮೇಲೆ ಹಳೆಯ ವಿದ್ಯುತ್ ತಂತಿ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮನೆಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಒಂದು ಕಿಡಿಗೆ ಮನೆ, ಯಂತ್ರ, ದಾಸ್ತಾನು ಮೂರೂ ಹೋಗಬಹುದು. ವಿಮೆ ಇದೆಯೇ ಎಂದು ಕೇಳಿದರೆ ಸಿಗುವ ಉತ್ತರಗಳು ಎರಡೇ: "ಅದು ಹರಾಮ್ ಅಲ್ಲವೇ?" ಅಥವಾ "ಬ್ಯಾಂಕಿನವರು ಮಾಡಿಸಿರಬೇಕು."

ಮದ್ರಸದ ಚಾಪೆಯ ಮೇಲೆ ಕುಳಿತು ಓದಿದ ನಮಗೆ ಮೊದಲ ಆಕ್ಷೇಪ ಹಗುರವಾದುದಲ್ಲವೆಂದು ಗೊತ್ತು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದು ಸಾರಿ, ಸಹಕಾರ ತತ್ವದ ವಿಮೆಯನ್ನು ಒಪ್ಪಿತು. ಆದರೆ ಅದಕ್ಕೂ 20 ವರ್ಷ ಮೊದಲೇ, 1965ರ ಡಿಸೆಂಬರ್‌ನಲ್ಲಿ, ಲಕ್ನೋದ ನದ್ವತುಲ್ ಉಲಮಾದ ಶರೀಅತ್ ಸಂಶೋಧನಾ ಮಂಡಳಿಯು ಈ ದೇಶದ ಮುಸ್ಲಿಮರ ಪರಿಸ್ಥಿತಿಯನ್ನು ಪರಿಗಣಿಸಿ ಅನಿವಾರ್ಯತೆಯ ಆಧಾರದಲ್ಲಿ ಅವಕಾಶ ನೀಡಿತ್ತು. 1992ರಲ್ಲಿ ಭಾರತದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯೂ ಕೋಮುಗಲಭೆಗಳ ಭೀತಿಯನ್ನು ಮುಂದಿಟ್ಟು ಅದೇ ದಾರಿ ಹಿಡಿಯಿತು. ಒಪ್ಪದ ಉಲಮಾಗಳೂ ಇದ್ದಾರೆ, ಅವರ ಬಗ್ಗೆ ನಮಗೆ ಗೌರವವಿದೆ. ಆದರೆ 1965ನ್ನೂ ಓದದೆ 1985ನ್ನೂ ಓದದೆ, ಕಂತಿನ ಹಣ ಉಳಿಸುವುದಕ್ಕಾಗಿ ಮಾತ್ರ ಹರಾಮ್ ಎನ್ನುವವರ ಬಗ್ಗೆ ಏನು ಹೇಳೋಣ? ಮಗಳ ಮದುವೆಯ ಊಟಕ್ಕೆ ಸಾಲದ ಹಣ ಸುರಿಯುವಾಗ ಈ ಎಚ್ಚರ ಎಲ್ಲಿ ಅಡಗಿರುತ್ತದೆ? ಸುಡಾನಿನವರು 1979ರಲ್ಲೇ ತಕಾಫುಲ್ ಸಂಸ್ಥೆ ಕಟ್ಟಿದರು, ಮಲೇಶ್ಯ 1984ರಲ್ಲಿ ಅದಕ್ಕೊಂದು ಕಾನೂನನ್ನೇ ಮಾಡಿತು. ನಮ್ಮ ಜಮಾಅತ್ ಕಮಿಟಿಗಳು ಕಟ್ಟಿದ್ದು ಶಾದಿಮಹಲುಗಳನ್ನು.

ಎರಡನೆಯ ಉತ್ತರ ಇನ್ನೂ ಅಪಾಯಕಾರಿ. ಬ್ಯಾಂಕು ವಿಮೆ ಮಾಡಿಸುವುದು ತನ್ನ ಸಾಲದ ರಕ್ಷಣೆಗೆ. ಇಪ್ಪತ್ತು ಲಕ್ಷದ ಸೊತ್ತಿಗೆ ಸಾಲದಷ್ಟೇ, ಅಂದರೆ ಹತ್ತು ಲಕ್ಷಕ್ಕೆ ಮಾತ್ರ, ವಿಮೆ ಇದ್ದು ನಾಲ್ಕು ಲಕ್ಷದ ನಷ್ಟವಾಯಿತೆನ್ನಿ. ಕೈಗೆ ಬರುವುದು ನಾಲ್ಕಲ್ಲ, ಎರಡೇ ಲಕ್ಷ; ಅದೂ ಮೊದಲು ಸಾಲದ ಖಾತೆಗೆ. ಐದು ಕೋಟಿ ರೂಪಾಯಿವರೆಗಿನ ಸೊತ್ತಿನ ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಏಕರೂಪದ ಪಾಲಿಸಿ ಬಂದಿದೆ. ಬೆಂಕಿ, ನೆರೆ, ಬಿರುಗಾಳಿಯ ಜೊತೆ ಗಲಭೆಯ ಹಾನಿಯೂ ಅದರೊಳಗಿದೆ. ಬೆಲೆ ಶೇ. 15ರಷ್ಟು ಕಡಿಮೆ ನಮೂದಾಗಿದ್ದರೂ ಪರಿಹಾರವನ್ನು ಕಡಿತಗೊಳಿಸುವುದಿಲ್ಲ, ಅದಕ್ಕಿಂತ ಹೆಚ್ಚಾದರೆ ಮೇಲಿನ ಲೆಕ್ಕವೇ. ಸಾಮಾನ್ಯ ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಕೂಲಿ ನೇಯ್ಗೆಗೆ ತಂದ ಮಾಲೀಕರ ನೂಲು ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಸ್ಪಷ್ಟವಾಗಿ ಬರೆಸಬೇಕು. ಇಲ್ಲದಿದ್ದರೆ ಸುಟ್ಟ ನೂಲಿನ ಸಾಲ ನಿಮ್ಮ ತಲೆಗೆ.

ಯಂತ್ರಕ್ಕೆ ಹಣ ಬಂತು ಎನ್ನೋಣ. ಹೊಸ ಬೇಸಿನ್ನು ಕೂಡಿಸಿ ಒಲೆ ಹೊತ್ತಿಸಲು ಮೂರು ತಿಂಗಳಾದರೆ ಆ ಮೂರು ತಿಂಗಳು ಮನೆ ನಡೆಸುವುದು ಹೇಗೆ? ಬೇಸಿನ್ನಿನ ಮುಂದೆ ಕುಳಿತು ಬೆರಳು ಬೇಯಿಸಿಕೊಂಡ ಹೆಂಗಸರು ಬೇರೆ ಕಡೆ ಹೋಗಿರುತ್ತಾರೆ. ಬಾಡಿಗೆ ನಿಲ್ಲುವುದಿಲ್ಲ, ಬ್ಯಾಂಕಿನ ಕಂತೂ ನಿಲ್ಲುವುದಿಲ್ಲ. ನೂಲು ಕೊಳ್ಳುತ್ತಿದ್ದ ವ್ಯಾಪಾರಿ ಮತ್ತೊಬ್ಬರನ್ನು ಹುಡುಕಿಕೊಂಡಿರುತ್ತಾನೆ. ಇಂತಹ ನಷ್ಟಕ್ಕೆಂದೇ ವ್ಯವಹಾರ ಸ್ಥಗಿತದ ವಿಮೆ ಇದೆ. ಬೆಂಕಿಯಂತಹ ಹಾನಿಯಿಂದ ಕೆಲಸ ನಿಂತಾಗ ತಪ್ಪಿದ ಲಾಭವನ್ನೂ ನಿಲ್ಲದ ಖರ್ಚುಗಳನ್ನೂ ಗೊತ್ತುಪಡಿಸಿದ ಅವಧಿಯವರೆಗೆ ಅದು ತುಂಬುತ್ತದೆ. 2020ರ ಲಾಕ್‌ಡೌನಿನಂತಹ ಬರಿಯ ಬಾಗಿಲು ಮುಚ್ಚುವಿಕೆಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಏಜೆಂಟರು ಇದನ್ನು ತಾವಾಗಿ ಹೇಳಲಾರರು. ಅದನ್ನು ಪಡೆಯಬೇಕಾದರೆ ಲಾಭವೆಷ್ಟೆಂದು ತೋರಿಸಬೇಕು. ನಮ್ಮಲ್ಲಿ ಲೆಕ್ಕವಿರುವುದು ಕ್ಯಾಲೆಂಡರಿನ ಹಿಂಬದಿಯಲ್ಲಿ! ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದೆಂದು ಮಿಂಬರಿನಿಂದ ಎಷ್ಟು ಸಲ ಕೇಳಿಲ್ಲ?

ವಿಮೆಯನ್ನು ಮನಸ್ಸು ಒಪ್ಪದವರು ಸಹಾಯ ನಿಧಿಯನ್ನಾದರೂ ಕಟ್ಟಲಿ. ನಿಶ್ಚಿತ ಪರಿಹಾರದ ಭರವಸೆ ನೀಡಿ ಕಂತು ಎತ್ತುವುದು ಪರವಾನಗಿ ಬೇಕಾದ ವಿಮಾ ವ್ಯವಹಾರ, ಆ ತಪ್ಪು ಬೇಡ. ಆದರೆ ಬೆಂಕಿಗೆ ಮೊದಲೇ ರೀಲರುಗಳಿಂದ ತಿಂಗಳ ದೇಣಿಗೆ ಸಂಗ್ರಹಿಸಿ, ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಹಾಕಿ, ಸುಟ್ಟವನಿಗೆ ಬಡ್ಡಿಯಿಲ್ಲದ ಸಾಲ ಕೊಡುವುದಕ್ಕೆ ಅಡ್ಡಿ ಯಾರದು? ವಿಮೆ ಇರುವವರು ಈ ವಾರವೇ ಬ್ಯಾಂಕಿಗೆ ಹೋಗಿ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯಲಿ. ಅದರಲ್ಲಿ ಯಾವ ಶೆಡ್ಡಿನ ವಿಳಾಸವಿದೆ, ಎಷ್ಟು ಯಂತ್ರಗಳಿವೆ, ದಾಸ್ತಾನಿಗೆ ಎಷ್ಟು ಬೆಲೆ ಬರೆದಿದೆ, ಯಾವ ದಿನಾಂಕಕ್ಕೆ ಅವಧಿ ಮುಗಿದಿದೆ ಎಂದು ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಲಿ.