ಕೈಗೆ ಚಿಪ್ಪು ಅನ್ನೋ ಭಯ (ಐಸ್ ಹಾಕಿ ಸರಣಿ, ಭಾಗ 4)

ಭಾಗ 3ರ ಕೆಳಗೆ ನಮ್ಮ ಕ್ಲಾಸಿನ ಇಬ್ಬರು ಒಂದೇ ಮಾತು ಹಾಕಿದ್ರು: "ಕಾಂಟ್ರಾಕ್ಟ್ ಮುಗೀತಿರೋ ಪ್ಲೇಯರ್‌ನ ಮೊದಲೇ ಮಾರ್ಬಿಡೋದೇ ಬುದ್ಧಿವಂತಿಕೆ, ಇಲ್ಲಾಂದ್ರೆ ಕೈಗೆ ಚಿಪ್ಪು." ಇಲ್ಲ ಗುರೂ, ನಾನು ಒಪ್ಪಲ್ಲ.

ಹೊಸಬರಿಗೆ ಒಂದು ಮಾತು. ಎನ್‌ಎಚ್‌ಎಲ್‌ನಲ್ಲಿ ಕಾಂಟ್ರಾಕ್ಟ್ ಮುಗಿದ ಸೀನಿಯರ್ ಆಟಗಾರ ಜುಲೈ 1ಕ್ಕೆ ಯಾವ ಟೀಮಿಗಾದ್ರೂ ಹೋಗಬಹುದು. ಹಳೇ ಟೀಮಿಗೆ ಏನೂ ಬರಲ್ಲ. 2018ರಲ್ಲಿ ಜಾನ್ ತವಾರೆಸ್ ಹಂಗೇ ನ್ಯೂಯಾರ್ಕ್ ಐಲ್ಯಾಂಡರ್ಸ್ ಬಿಟ್ಟು ಟೊರಾಂಟೊಗೆ ಹೋದ. 7 ವರ್ಷ, 7.7 ಕೋಟಿ ಡಾಲರ್. ಜನರಲ್ ಮ್ಯಾನೇಜರ್‌ಗಳನ್ನ ಇವತ್ತಿಗೂ ಹೆದರಿಸೋಕೆ ಎಲ್ಲರೂ ಇದೇ ಕಥೆ ಹೇಳ್ತಾರೆ. ಆದ್ರೆ ಐಲ್ಯಾಂಡರ್ಸ್ ಮುಳುಗಿದ್ರಾ? ಮುಂದಿನ ಸೀಸನ್‌ನಲ್ಲೇ ಪ್ಲೇಆಫ್ ಸೇರಿ ಪಿಟ್ಸ್‌ಬರ್ಗ್‌ನ 4-0 ತೊಳೆದು ಕಳಿಸಿದ್ರು. ಅದನ್ನ ಯಾರೂ ಹೇಳಲ್ಲ.

ಭಯ ಇರೋನು ಚೌಕಾಸಿಗೆ ಕೂತರೆ ಏನಾಗುತ್ತೆ? ಸಂತೆ ಮುಗಿಯೋ ಹೊತ್ತಲ್ಲಿ ಸೊಪ್ಪು ಮಾರೋ ಅಜ್ಜಿ ಕಥೆ. ಕೊಳ್ಳೋನಿಗೆ ಗೊತ್ತು, ಅಜ್ಜಿ ಅದನ್ನ ಮನೆಗೆ ಹೊತ್ಕೊಂಡು ಹೋಗಲ್ಲ ಅಂತ.

ಈಗ ಮಿಕ್ಕೊ ರಾಂಟನೆನ್ ವಿಷಯ. 2025 ಜನವರಿ 24ಕ್ಕೆ ಕೊಲೊರಾಡೊ ಅವನನ್ನ ಕರೊಲಿನಾಗೆ ಕಳಿಸ್ತು. ಮಧ್ಯೆ ಶಿಕಾಗೋ ಬಂದು ಉಳಿದ ಸಂಬಳದಲ್ಲಿ ಅರ್ಧ ತಾನು ಹೊತ್ಕೊಳ್ತು, ಅದಕ್ಕೂ ನಿಯಮದಲ್ಲಿ ಜಾಗ ಇದೆ. ಕೊಲೊರಾಡೊಗೆ ಸಿಕ್ಕಿದ್ದು ಮಾರ್ಟಿನ್ ನೇಚಸ್, ಜ್ಯಾಕ್ ಡ್ರೂರಿ, ಎರಡನೇ ಮತ್ತು ನಾಲ್ಕನೇ ಸುತ್ತಿನ ಡ್ರಾಫ್ಟ್ ಪಿಕ್. "ಏನ್ ತಲೆ ಗುರೂ!" ಅಂದವರು ಇದ್ರು.

ರಾಂಟನೆನ್ ಕರೊಲಿನಾದಲ್ಲಿ ಆಡಿದ್ದು 13 ಮ್ಯಾಚ್. ಹೊಸ ಕಾಂಟ್ರಾಕ್ಟಿಗೆ ಸೈನ್ ಹಾಕಲಿಲ್ಲ. ಮಾರ್ಚ್ 7ಕ್ಕೆ ಡಲ್ಲಾಸ್‌ಗೆ. ಡಲ್ಲಾಸ್ ಕೊಟ್ಟಿದ್ದು ಲೋಗನ್ ಸ್ಟಾಂಕೋವೆನ್, ಎರಡು ಮೊದಲ ಸುತ್ತಿನ ಪಿಕ್, ಎರಡು ಮೂರನೇ ಸುತ್ತಿನ ಪಿಕ್.

"ನೋಡು, ಕರೊಲಿನಾ ಮಾರಿ ಗೆದ್ದಿತಲ್ಲ?" ಅಂತೀರಾ. ಗೆದ್ದಿತು, ಒಪ್ತೀನಿ. ಆದ್ರೆ ಯಾಕೆ ಗೆದ್ದಿತು? ಅವತ್ತೇ ರಾಂಟನೆನ್ ಡಲ್ಲಾಸ್ ಜೊತೆ 8 ವರ್ಷಕ್ಕೆ, ವರ್ಷಕ್ಕೆ 1.2 ಕೋಟಿ ಡಾಲರ್‌ಗೆ ಸೈನ್ ಹಾಕಿದ. (ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಬಿಕಾಂ ಹುಡುಗರು ಗಮನಿಸಿ.) ಡಲ್ಲಾಸ್ ಕೊಂಡಿದ್ದು ಮೂರು ತಿಂಗಳ ಆಟಗಾರನನ್ನ ಅಲ್ಲ, ಎಂಟು ವರ್ಷದ ಸಹಿಯನ್ನ. ಆ ಸಹಿ ಯಾವ ಮ್ಯಾನೇಜರ್ ಜೇಬಲ್ಲೂ ಇರಲ್ಲ, ಆಟಗಾರನ ಕೈಯಲ್ಲೇ ಇರೋದು. ಹಿಂಗಿದ್ರೂ ನಾವು ಮ್ಯಾನೇಜರ್‌ಗೆ ಚಪ್ಪಾಳೆ ಹೊಡೀತೀವಿ, ಆಟಗಾರನಿಗೆ "ದುಡ್ಡಿನ ಆಸೆ" ಅಂತೀವಿ. ನಾಚಿಕೆ ಆಗ್ಬೇಕು ನಮಗೆ.

ಮೇ 3, ಮೊದಲ ಸುತ್ತಿನ ಏಳನೇ ಮ್ಯಾಚ್, ಎದುರಿಗೆ ಕೊಲೊರಾಡೊ. ಕೊನೇ ಪೀರಿಯಡ್‌ನಲ್ಲಿ ರಾಂಟನೆನ್ ಹ್ಯಾಟ್ರಿಕ್. ಡಲ್ಲಾಸ್ 4-2. ಕೊಲೊರಾಡೊ ಮನೆಗೆ.

ಇನ್ನೂ ಇದೆ. ಅಕ್ಟೋಬರ್‌ನಲ್ಲಿ ನೇಚಸ್‌ನ ಕಾಂಟ್ರಾಕ್ಟ್ ಕೂಡ ಕೊನೇ ವರ್ಷಕ್ಕೆ ಬಂದಿತ್ತು. ಕೊಲೊರಾಡೊ ಅವನಿಗೆ ಕೊಟ್ಟಿದ್ದು 8 ವರ್ಷ, ವರ್ಷಕ್ಕೆ 1.15 ಕೋಟಿ. ನೇಚಸ್ ಒಳ್ಳೇ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಡಲ್ಲಾಸ್ ರಾಂಟನೆನ್‌ಗೆ ಕೊಡ್ತಿರೋದಕ್ಕೂ ಇದಕ್ಕೂ ವರ್ಷಕ್ಕೆ 5 ಲಕ್ಷ ಡಾಲರ್ ವ್ಯತ್ಯಾಸ ಅಷ್ಟೇ. ಆ ಉಳಿತಾಯನ ಯಾವ ಲೆಡ್ಜರ್‌ಗೆ ಏರಿಸ್ತೀರಾ, ಕಮೆಂಟಲ್ಲಿ ಹೇಳಿ. ಭಾಗ 5 ಮಿಚ್ ಮಾರ್ನರ್ ಬಗ್ಗೆ.