ದೇವರ ಹಕ್ಕು ಕೊಟ್ಟು ಓಟಿನ ಹಕ್ಕು ಬಿಟ್ಟರೆ ಅದು ನ್ಯಾಯವೇ?

ಮಲ್ಲಿಪಟ್ಟಣದ ಟೀ ಅಂಗಡಿಯಲ್ಲಿ ಹೊಗೆಸೊಪ್ಪಿನ ರೇಟು, ಆಲೂಗಡ್ಡೆ ರೋಗದ ಮಾತು ಮುಗಿದರೆ ಈಗ ಗಾಜಾದ ಮಾತು ಶುರು. ಒಬ್ಬನ ಸ್ಟೇಟಸ್‌ನಲ್ಲಿ ಇಸ್ರೇಲ್ ಬಾವುಟ, ಇನ್ನೊಬ್ಬನದರಲ್ಲಿ ಪ್ಯಾಲೆಸ್ತೀನ್ ಬಾವುಟ. ಹುಡುಗನ ಹೆಸರು ಗೊತ್ತಾದರೆ ಸಾಕು, ಅವನ ಫೋನಿನಲ್ಲಿ ಯಾವ ಬಾವುಟ ಇದೆ ಅಂತ ನೋಡದೆಯೇ ಹೇಳಬಹುದು. ನನ್ನ ತಕರಾರು ಇದೇ. ಅಲ್ಲಿನ ಜಗಳವನ್ನು ನಾವು ಧರ್ಮದ ತಕ್ಕಡಿಯಲ್ಲಿ ತೂಗುತ್ತಿದ್ದೇವೆ. ತೂಗಬೇಕಾದದ್ದು ಹಕ್ಕನ್ನು.

ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಮೆಸೇಜು ಬರುತ್ತದೆ: ಇಸ್ರೇಲನ್ನು ಬಿಡಿಸಿಕೊಟ್ಟವರು ನಮ್ಮ ಮೈಸೂರಿನವರು ಅಂತ. ಅರ್ಧ ನಿಜ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ಸ್ ಕುದುರೆ ಸವಾರರು ಭರ್ಜಿ ಹಿಡಿದು ಮಷಿನ್‌ಗನ್‌ಗಳ ಎದುರು ನುಗ್ಗಿ ಹೈಫಾ ಊರನ್ನು ಗೆದ್ದರು. ಅವರ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಅಂದು ಇಸ್ರೇಲ್ ಎಂಬ ದೇಶವೇ ಇರಲಿಲ್ಲ. ಊರು ಒಟ್ಟೋಮನ್ ತುರ್ಕರ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು, ಅಷ್ಟೆ. ಗೆದ್ದುಕೊಟ್ಟ ನಮ್ಮವರಿಗೂ ಅಂದು ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು ಇರಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲು 1947ರಲ್ಲಿ 'ಮೈಸೂರು ಚಲೋ' ಚಳವಳಿಯೇ ಬೇಕಾಯಿತು.

ಹೈಫಾ ಗೆಲ್ಲುವ ಮೊದಲೇ, 1917ರ ನವೆಂಬರ್ 2ರಂದು, ಬ್ರಿಟಿಷ್ ವಿದೇಶಾಂಗ ಸಚಿವ ಬಾಲ್ಫೋರ್ ಒಂದು ಪತ್ರ ಬರೆದಿದ್ದರು. ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ 'ರಾಷ್ಟ್ರೀಯ ನೆಲೆ' ಎಂಬ ಭರವಸೆ ಅದರಲ್ಲಿತ್ತು. ಅಲ್ಲಿದ್ದ ಉಳಿದವರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಧಕ್ಕೆ ಆಗಬಾರದು ಎಂಬ ಮಾತೂ ಇತ್ತು. ರಾಜಕೀಯ ಹಕ್ಕಿನ ಮಾತು ಮಾತ್ರ ಇರಲಿಲ್ಲ. ಮರೆವು ಅನ್ನುವಂತೆಯೂ ಇಲ್ಲ. ಬೇರೆ ದೇಶಗಳಲ್ಲಿನ ಯಹೂದಿಗಳ 'ರಾಜಕೀಯ ಸ್ಥಾನಮಾನ'ವನ್ನು ಕಾಪಾಡುವ ಮಾತು ಅದೇ ಪತ್ರದಲ್ಲಿದೆ. 1922ರ ಜನಗಣತಿಯಂತೆ ಅಲ್ಲಿ ಯಹೂದಿಗಳು ಸುಮಾರು ಶೇ 11. ಮಿಕ್ಕ ಶೇ 89 ಜನಕ್ಕೆ, ಮುಸ್ಲಿಮರಿಗೂ ಕ್ರೈಸ್ತರಿಗೂ, ಸಿಕ್ಕ ಭರವಸೆ ಇಷ್ಟೇ: ನಿಮ್ಮ ದೇವರು ನಿಮಗಿರಲಿ, ಆಳ್ವಿಕೆಯ ಮಾತು ಆಡಬೇಡಿ.

ಇಷ್ಟನ್ನು ನಮ್ಮ ಜಿಲ್ಲೆ ಆರೂವರೆ ಶತಮಾನದ ಹಿಂದೆಯೇ ಕಂಡಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಶಾಸನವಿದೆ. ವೈಷ್ಣವರಿಂದ ಅನ್ಯಾಯವಾಗಿದೆ ಎಂದು ಜೈನರು ದೂರು ಕೊಟ್ಟಾಗ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಎಂದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೂ ಉಳಿಯಿತು. ರಾಜನ ಕಾಲಕ್ಕೆ ಅದು ದೊಡ್ಡ ಮಾತು. ಆದರೆ 20ನೇ ಶತಮಾನದಲ್ಲಿ ಪ್ರಜೆಗಳಿಗೆ ವಾದ್ಯ, ಕಲಶ ಸಾಕೇ?

'ಯಹೂದಿಗಳಿಗೆ ಒಂದು ನೆಲೆ ಬೇಡವೇ?' ಎಂದು ಕೇಳುತ್ತೀರಿ. ಬೇಕು. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಜನರನ್ನು ಕಳೆದುಕೊಂಡವರಿಗೆ ಬೇಡ ಎನ್ನಲು ನಾವ್ಯಾರು? 1948ರ ಇಸ್ರೇಲಿನ ಸ್ವಾತಂತ್ರ್ಯ ಘೋಷಣೆಯೇ ಧರ್ಮಭೇದವಿಲ್ಲದೆ ಎಲ್ಲ ನಿವಾಸಿಗಳಿಗೂ ಸಾಮಾಜಿಕ, ರಾಜಕೀಯ ಸಮಾನತೆಯ ಮಾತು ಕೊಟ್ಟಿದೆ. ನಾನು ಕೇಳುವುದು ಆ ಮಾತನ್ನೇ. ಇಸ್ರೇಲಿನ ಒಳಗೆ ಐದರಲ್ಲಿ ಒಂದು ಪಾಲು ಇರುವ ಅರಬರಿಗೆ ಓಟು ಇದೆ, ನಿಜ. ಆದರೆ 1967ರಿಂದ ಅದರ ಸೇನೆಯ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿಗೆ ಬನ್ನಿ. ಒಂದೇ ಗುಡ್ಡದ ಮೇಲೆ ಯಹೂದಿ ವಲಸಿಗನಿಗೆ ಇಸ್ರೇಲಿನ ಓಟು, ಸಿವಿಲ್ ಕೋರ್ಟು. ಪಕ್ಕದ ಪ್ಯಾಲೆಸ್ತೀನಿಯನಿಗೆ ಆ ಓಟಿಲ್ಲ, ಮಿಲಿಟರಿ ಕೋರ್ಟು. ರಾಷ್ಟ್ರೀಯ ಸ್ವನಿರ್ಣಯದ ಹಕ್ಕು ಯಹೂದಿಗಳಿಗೆ ಮಾತ್ರ ಎಂದು 2018ರ ಕಾನೂನು ಬೇರೆ ಹೇಳುತ್ತದೆ.

ಪ್ಯಾಲೆಸ್ತೀನ್ ಬಾವುಟದ ಗೆಳೆಯರೂ ಕೇಳಿ. ಆ ನೆಲ ಇಸ್ಲಾಮಿನ ವಕ್ಫ್ ಎಂದು ಹಮಾಸ್ 1988ರ ತನ್ನ ಸನ್ನದಿನಲ್ಲಿ ಬರೆದುಕೊಂಡಿತು. ಧರ್ಮದ ಹೆಸರಲ್ಲಿ ನೆಲದ ಖಾತೆ ಮಾಡಿಸಿಕೊಳ್ಳುವ ಅದೇ ಚಾಳಿ. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದದ್ದು ಯಾವ ಬಿಡುಗಡೆಯೂ ಅಲ್ಲ. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತದ್ದು ಯಾವ ನ್ಯಾಯವೂ ಅಲ್ಲ. ಪ್ಯಾಲೆಸ್ತೀನಿಯನ್ನರು ತಮ್ಮದೇ ಸಂಸತ್ತಿಗೆ ಓಟು ಹಾಕಿದ್ದು 2006ರಲ್ಲಿ. ಆ ಬಳಿಕ ಅವರ ನಾಯಕರೂ ಆ ಹಕ್ಕನ್ನು ಅವರಿಗೆ ಕೊಟ್ಟಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟಿನ ಮುಳುಗಡೆಯವರು ನಮ್ಮ ಸುತ್ತಲೇ ಇದ್ದಾರೆ. ಅವರ ಊರು, ಹೊಲ ನೀರಿಗೆ ಹೋದವು. ಪರಿಹಾರಕ್ಕೆ ಕಚೇರಿ ಕಚೇರಿ ಅಲೆದವರ ಕಥೆ ಕೇಳಿ ಬೆಳೆದವರು ನಾವು. ಆದರೂ ಅವರ ಕೈಯಲ್ಲಿ ಒಂದು ಓಟು ಉಳಿದಿತ್ತು. ಅರ್ಜಿ ಹಿಡಿದು ಹೋಗಿ ಜಗಳ ಮಾಡಬಹುದಿತ್ತು, ಕೆಲಸ ಮಾಡದ ಶಾಸಕನನ್ನು ಮುಂದಿನ ಸಲ ಮನೆಗೆ ಕಳಿಸಬಹುದಿತ್ತು. 1948ರಲ್ಲಿ ಹೈಫಾ ಬಿಟ್ಟು ಓಡಿದ ಅರಬನಿಗೆ ಅದೂ ಇಲ್ಲ. ಜಗತ್ತಿನ ಯಾವ ಮೂಲೆಯ ಯಹೂದಿಯಾದರೂ 1950ರ ಕಾನೂನಿನಡಿ ಬಂದು ಹೈಫಾದಲ್ಲಿ ಪ್ರಜೆಯಾಗಬಹುದು. ಅಲ್ಲೇ ಹುಟ್ಟಿ ಓಡಿಹೋದವನು ಮರಳಿ ಬರುವಂತಿಲ್ಲ.

ಭಾರತ 1988ರಲ್ಲಿ ಪ್ಯಾಲೆಸ್ತೀನನ್ನು ಮಾನ್ಯ ಮಾಡಿತು, 1992ರಲ್ಲಿ ಇಸ್ರೇಲಿನ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿತು. ದೇಶಕ್ಕೇ ಇಬ್ಬರೂ ಬೇಕಾಗಿರುವಾಗ ಟೀ ಅಂಗಡಿಯಲ್ಲಿ ಒಬ್ಬನನ್ನೇ ಆರಿಸುವ ದರ್ದು ನಮಗೇನು? ಅಲ್ಲಿ ಒಂದು ದೇಶವಾಗಲಿ, ಎರಡಾಗಲಿ, ಅದನ್ನು ಅವರೇ ತೀರ್ಮಾನಿಸಲಿ. ಆ ನೆಲದಲ್ಲಿ ಬದುಕುವ ಪ್ರತಿಯೊಬ್ಬರಿಗೂ ತಮ್ಮನ್ನು ಆಳುವವರನ್ನು ಆರಿಸುವ, ಇಳಿಸುವ ಹಕ್ಕು ಇದೆಯೇ ಎಂದು ಮೊದಲು ಕೇಳಿ. ಉತ್ತರ 'ಇದೆ' ಎಂದಾಗುವವರೆಗೆ ಬಾವುಟ ಹಾಕಿಕೊಳ್ಳುವ ಅವಸರ ಬೇಡ.